ಬರೆಯದ ಮಾತು, ದಕ್ಕದ ಹಕ್ಕು

ಬೆಂಗಳೂರಿನ ಗಿರಿನಗರದಲ್ಲಿ ನಮ್ಮ ಪರಿಚಯದ ವಕೀಲರೊಬ್ಬರಿದ್ದಾರೆ. ಹಗಲು ನ್ಯಾಯಾಲಯ, ಸಂಜೆ ಮನೆಯ ಮುಂಭಾಗದ ಪುಟ್ಟ ಕೋಣೆಯಲ್ಲಿ ಕಕ್ಷಿದಾರರ ಭೇಟಿ. ಬೇರೊಂದು ಕೆಲಸದ ನಿಮಿತ್ತ ನಾವು ಹಲವು ಸಂಜೆಗಳನ್ನು ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ಕಳೆಯಬೇಕಾಯಿತು. ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಶ್ರೀನಗರ, ಮೈಸೂರು ರಸ್ತೆಯ ಆಚೆಗಿನ ಮೊಹಲ್ಲಾಗಳು ಹೀಗೆ ಸುತ್ತಲಿನ ಎಲ್ಲ ಕಡೆಗಳಿಂದ ಜನ ಬರುತ್ತಾರೆ. ಅವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಅವರಾರ ಗುಟ್ಟನ್ನೂ ನಾವಿಲ್ಲಿ ಬಿಚ್ಚಿಡುತ್ತಿಲ್ಲ. ಕಾದು ಕುಳಿತವರು ಪರಸ್ಪರ ಹೇಳಿಕೊಳ್ಳುವ ಮಾತುಗಳು ಯಾವ ಊರಿನ ಯಾವ ವಕೀಲರ ಬಾಗಿಲಲ್ಲಾದರೂ ಕೇಳಿಸುವಂಥವು.

'ಮನೆ ಖಾಲಿ ಮಾಡಿ ಆರು ತಿಂಗಳಾಯಿತು, ಮಾಲಕ ಅಡ್ವಾನ್ಸ್ ಹಿಂದಿರುಗಿಸುತ್ತಿಲ್ಲ, ಏನು ಮಾಡಲಿ?' 'ಲೀಸ್‌ಗೆ ಹಾಕಿದ್ದ ಮನೆಯನ್ನು ಬ್ಯಾಂಕಿನವರು ಜಪ್ತಿ ಮಾಡಿದ್ದಾರೆ, ನಮ್ಮ ಹಣ ಬರುತ್ತದೆಯೇ?' 'ಸ್ನೇಹಿತನಿಗೆ ಕೈಸಾಲ ಕೊಟ್ಟಿದ್ದೆ, ಈಗ ಕೊಟ್ಟೇ ಇಲ್ಲ ಎನ್ನುತ್ತಾನೆ.' 'ಠಾಣೆಯಲ್ಲಿ ದೂರು ತೆಗೆದುಕೊಳ್ಳುತ್ತಿಲ್ಲ.' 'ತಂದೆ ತೀರಿಕೊಂಡರು, ಖಾತೆ ಅಣ್ಣನ ಹೆಸರಿಗಾಗಿದೆ, ನನಗೆ ಪಾಲಿದೆಯೇ?' 'ಗಂಡ ಮೂರು ಬಾರಿ ತಲಾಖ್ ಹೇಳಿ ಹೋಗಿದ್ದಾನೆ, ನಾನು ಈಗ ಯಾರು?'

ಪ್ರಶ್ನೆಗಳು ಬೇರೆ ಬೇರೆ. ಆದರೆ ವಕೀಲರ ಮರುಪ್ರಶ್ನೆ ಮಾತ್ರ ಒಂದೇ: 'ಕಾಗದವೇನಾದರೂ ಇದೆಯೇ?' ಉತ್ತರವೂ ಹೆಚ್ಚುಕಡಿಮೆ ಒಂದೇ: 'ಇಲ್ಲ ಸಾರ್, ನಂಬಿಕೆಯ ಮೇಲೆ ನಡೆದದ್ದು.'

ಈ ಉತ್ತರವನ್ನು ಮುಸ್ಲಿಮನ ಬಾಯಿಂದ ಕೇಳುವಾಗಲೆಲ್ಲ ನಮಗೆ ಹೆಚ್ಚಿನ ನಾಚಿಕೆಯಾಗುತ್ತದೆ. ಯಾಕೆಂದರೆ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದೆಂದು ಮದ್ರಸದ ಮಗುವನ್ನು ಕೇಳಿದರೂ ಹೇಳುತ್ತದೆ. ಅದು ಅಲ್‌ಬಕರ ಅಧ್ಯಾಯದ 282ನೇ ಸೂಕ್ತ. ಅದರ ವಿಷಯ ಸಾಲದ ಕರಾರನ್ನು ಬರೆದಿಡುವುದು. ಅವಧಿ ನಿಗದಿಪಡಿಸಬೇಕು, ನ್ಯಾಯವಾಗಿ ಬರೆಯುವವನಿರಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು, ಬರೆಯುವವನಿಗೂ ಸಾಕ್ಷಿಗೂ ತೊಂದರೆಯಾಗಬಾರದು ಎಂದೆಲ್ಲ ಅದು ವಿವರವಾಗಿ ಆದೇಶಿಸುತ್ತದೆ. ಸಾಲಪತ್ರದ ಬಗ್ಗೆ ಇಷ್ಟು ವಿವರ ಕೊಟ್ಟ ಗ್ರಂಥವನ್ನು ಪ್ರತಿ ರಮಝಾನಿನಲ್ಲಿ ಪೂರ್ತಿ ಓದಿ ಮುಗಿಸುವ ಸಮುದಾಯವು ವಕೀಲರ ಮುಂದೆ ಬರಿಗೈಯಲ್ಲಿ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ವಿಪರ್ಯಾಸವಿದೆಯೇ?

ಮೊದಲು ಮನೆಯ ವಿಷಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವುದು ಹಳೆಯ ರೂಢಿ. 2021ರಲ್ಲಿ ಕೇಂದ್ರ ಸರಕಾರ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿತು. ಆದರೆ ಅದು ಮಾದರಿ ಮಾತ್ರ. ರಾಜ್ಯವು ಸ್ವತಃ ಕಾನೂನು ಮಾಡದ ಹೊರತು ಅದರಿಂದ ಯಾರ ಮುಂಗಡವೂ ಕಡಿಮೆಯಾಗದು. 'ನಮಗೆ ಬಾಡಿಗೆ ಕಾಯ್ದೆಯ ರಕ್ಷಣೆಯಿಲ್ಲವೇ?' ಎಂದು ಜನ ಕೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ನಗರ ಪ್ರದೇಶದಲ್ಲಿ ತಿಂಗಳ ಬಾಡಿಗೆ 3500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಗಿರಿನಗರದಲ್ಲಿ 3500 ರೂಪಾಯಿಗೆ ಈಗ ಒಂದು ಕೋಣೆಯಾದರೂ ಸಿಗುವುದೇ? ಹೀಗೆ ಕಾಯ್ದೆ ಪುಸ್ತಕದಲ್ಲಿ ಉಳಿದಿದೆ, ಬಾಡಿಗೆದಾರ ಅದರ ಹೊರಗೆ ಉಳಿದಿದ್ದಾನೆ. ಅವನಿಗಿರುವುದು ಆಸ್ತಿ ವರ್ಗಾವಣೆ ಕಾಯ್ದೆಯ ಸಾಮಾನ್ಯ ನಿಯಮ. ಅದರಂತೆ ತಿಂಗಳ ಲೆಕ್ಕದ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ನೋಟೀಸು ಸಾಕು.

ಆದರೂ ಬಾಡಿಗೆದಾರ ಸಂಪೂರ್ಣ ಅಸಹಾಯಕನಲ್ಲ. ನೋಟೀಸು ಕೊಟ್ಟ ಮಾತ್ರಕ್ಕೆ ಮಾಲಕನು ಸಾಮಾನುಗಳನ್ನು ಬೀದಿಗೆಸೆದು ಬೀಗ ಜಡಿಯುವಂತಿಲ್ಲ. ಹಾಗೆ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಮುಂಗಡ ಹಣಕ್ಕಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬಹುದು. ಆದರೆ ಮುಂಗಡವನ್ನು ನಗದಾಗಿ ಕೊಟ್ಟು, ಕರಾರಿನಲ್ಲಿ ಕಡಿಮೆ ಮೊತ್ತ ಬರೆಸಿ, ರಶೀದಿಯನ್ನೂ ಪಡೆಯದವನು ಯಾವ ಆಧಾರದ ಮೇಲೆ ಹೂಡುವುದು? ಬ್ಯಾಂಕಿನ ಮೂಲಕ ಕೊಟ್ಟಿದ್ದರೆ ಅದೊಂದೇ ಸಾಲು ಸಾಕ್ಷಿಯಾಗುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಸಿಕೊಂಡೆವು. 'ಹೆಸರು ಕೇಳಿದ ಕೂಡಲೇ ಮನೆ ಇಲ್ಲವೆನ್ನುತ್ತಾರೆ, ಇದರ ವಿರುದ್ಧ ಕಾನೂನಿಲ್ಲವೇ?' ಇದಕ್ಕೆ ಪ್ರಾಮಾಣಿಕ ಉತ್ತರ ಕಹಿಯಾಗಿದೆ. ಸಂವಿಧಾನದ 15ನೇ ವಿಧಿಯು ಧರ್ಮದ ಆಧಾರದಲ್ಲಿ ತಾರತಮ್ಯ ಮಾಡದಂತೆ ಪ್ರಭುತ್ವವನ್ನು ತಡೆಯುತ್ತದೆ. ಅಂಗಡಿ, ಹೋಟೆಲು, ಬಾವಿ, ರಸ್ತೆಗಳ ಬಾಗಿಲನ್ನು ಎಲ್ಲರಿಗೂ ತೆರೆಯುತ್ತದೆ. ಖಾಸಗಿ ಮಾಲಕನ ಬಾಡಿಗೆ ಮನೆಯ ಬಾಗಿಲನ್ನು ಅದು ತಟ್ಟುವುದಿಲ್ಲ. 2005ರಲ್ಲಿ ಝೊರಾಸ್ಟ್ರಿಯನ್ ಸಹಕಾರಿ ವಸತಿ ಸಂಘದ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಒಂದು ಸಮುದಾಯದವರಿಗೆ ಮಾತ್ರ ಸದಸ್ಯತ್ವ ಎಂಬ ಸಂಘದ ಬೈಲಾವನ್ನೂ ಎತ್ತಿಹಿಡಿಯಿತು. ಮನೆ ನಿರಾಕರಣೆಯ ವಿರುದ್ಧ ಸ್ಪಷ್ಟ ಕಾನೂನು ಬೇಕೆಂದು ಕೇಳುವ ಧ್ವನಿ ಶಾಸನಸಭೆಯಲ್ಲಿ ಯಾಕೆ ಕ್ಷೀಣವಾಗಿದೆ? ನಮ್ಮ ಮತ ಪಡೆದು ಹೋದವರು ಇಫ್ತಾರ್ ಕೂಟಗಳಲ್ಲಿ ಟೋಪಿ ಧರಿಸುವುದನ್ನೇ ಸೇವೆಯೆಂದು ಭಾವಿಸಿದ್ದಾರೆಯೇ?

ಈ ನಿರಾಕರಣೆಗೆ ಇನ್ನೊಂದು ಪರಿಣಾಮವಿದೆ. ಹತ್ತು ಕಡೆ ಇಲ್ಲವೆನಿಸಿಕೊಂಡು ಹನ್ನೊಂದನೆಯ ಕಡೆ ಹೌದೆನಿಸಿಕೊಂಡವನು ಕಾಗದ ಕೇಳುವ ಧೈರ್ಯ ಮಾಡುವುದಿಲ್ಲ. ಮನೆ ಸಿಕ್ಕಿದ್ದೇ ಭಾಗ್ಯವೆಂದು ದಲ್ಲಾಳಿ ಹೇಳಿದಲ್ಲಿ ಸಹಿ ಹಾಕುತ್ತಾನೆ. 'ಲೀಸ್' ಎಂದು ಬೆಂಗಳೂರಿನಲ್ಲಿ ಕರೆಯಲಾಗುವ ಭೋಗ್ಯದ ವ್ಯವಹಾರ ಕುದುರುವುದು ಹೆಚ್ಚಾಗಿ ಇಲ್ಲಿಯೇ. ಕೆಲವು ಲಕ್ಷ ರೂಪಾಯಿಗಳನ್ನು ಒಮ್ಮೆಗೇ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಕೊನೆಗೆ ಹಣ ಹಿಂಪಡೆಯುವ ಕ್ರಮವಿದು. ಗಲ್ಫಿನಲ್ಲಿ ದುಡಿದದ್ದು, ಹೆಂಡತಿಯ ಒಡವೆ ಮಾರಿದ್ದು, ಮಗಳ ಮದುವೆಗೆಂದು ಕೂಡಿಟ್ಟದ್ದು ಎಲ್ಲವೂ ಇದರಲ್ಲಿ ಸೇರಿರುತ್ತದೆ. ಆದರೆ ಕಾನೂನೇನು? 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗೇಣಿಪತ್ರ ನೋಂದಣಿಯಾಗಬೇಕು. ಅದನ್ನು ಅಡಮಾನವೆಂದು ಕರೆದರೂ ನೂರು ರೂಪಾಯಿ ಮೀರಿದ ಭೋಗ್ಯದ ಅಡಮಾನಕ್ಕೆ ನೋಂದಾಯಿತ ಪತ್ರ ಬೇಕು. ಛಾಪಾ ಕಾಗದದ ಮೇಲೆ ಟೈಪು ಮಾಡಿಸಿ ನೋಟರಿಯ ಮುದ್ರೆ ಒತ್ತಿಸಿದರೆ ನೋಂದಣಿಯಾಗುವುದಿಲ್ಲ. ಮಾಲಕನು ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದು ಕಂತು ಕಟ್ಟದಿದ್ದರೆ, 2002ರ ಸರ್ಫೇಸಿ ಕಾಯ್ದೆಯ ಬಲದಿಂದ ಬ್ಯಾಂಕು ಬಾಗಿಲಿಗೆ ಬರುತ್ತದೆ. ನೋಟರಿಯ ಕಾಗದ ಹಿಡಿದ ಕುಟುಂಬ ಬೀದಿಗೆ ಬರುತ್ತದೆ. ಹಣ ಕೊಡುವ ಮೊದಲು ರಾಜ್ಯದ 'ಕಾವೇರಿ' ಜಾಲತಾಣದಿಂದ ಋಣಭಾರ ಪತ್ರ ಪಡೆದಿದ್ದರೆ ಕನಿಷ್ಠ ನೋಂದಾಯಿತ ಅಡಮಾನವಾದರೂ ಕಣ್ಣಿಗೆ ಬೀಳುತ್ತಿತ್ತು. ಮೂಲ ಕ್ರಯಪತ್ರವನ್ನು ತೋರಿಸಿ ಎಂದು ಕೇಳಿದ್ದರೆ ಅದು ಬ್ಯಾಂಕಿನಲ್ಲಿದೆಯೋ ಮಾಲಕನ ಬೀರುವಿನಲ್ಲಿದೆಯೋ ತಿಳಿಯುತ್ತಿತ್ತು.

ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ನಮ್ಮ ವಿದ್ಯೆಗೆ ದ್ರೋಹವಾದೀತು. ಬ್ಯಾಂಕಿನ ಬಡ್ಡಿಗೆ ಹೆದರಿ ಮನೆಸಾಲ ಮಾಡದ ಅನೇಕ ಧರ್ಮನಿಷ್ಠರು ಭೋಗ್ಯದ ಮನೆಯಲ್ಲಿ ನಿಶ್ಚಿಂತೆಯಿಂದ ವಾಸಿಸುತ್ತಾರೆ. ಕೊಟ್ಟದ್ದು ಪೂರ್ತಿ ಹಿಂದಿರುಗಬೇಕಾದ ಹಣವಾದರೆ ಅದು ಸಾಲ. ಸಾಲದ ಮೇಲೆ ಷರತ್ತಾಗಿ ಪಡೆಯುವ ಲಾಭವನ್ನು ಫಿಕ್‌ಹ್ ವಿದ್ವಾಂಸರು ಯಾವ ಸಾಲಿಗೆ ಸೇರಿಸಿದ್ದಾರೆ? ಬಾಡಿಗೆಯಿಲ್ಲದ ವಾಸ ಆ ಲಾಭವಲ್ಲವೇ? ಇಮಾಮರು ಈ ಪ್ರಶ್ನೆಯನ್ನು ಒಂದು ಶುಕ್ರವಾರವಾದರೂ ಮಿಂಬರಿನಿಂದ ಎತ್ತಲಿ. ನೆಲದ ಕಾನೂನಿನಲ್ಲೂ ಧರ್ಮದ ಕಾನೂನಿನಲ್ಲೂ ಕಾಲು ಊರದ ವ್ಯವಹಾರಕ್ಕೆ ಜೀವಮಾನದ ಉಳಿತಾಯವನ್ನು ಸುರಿಯುವುದನ್ನು ತವಕ್ಕುಲ್ ಎಂದು ಕರೆಯಲಾಗದು.

ನಿವೇಶನದ ಕಥೆ ಇದಕ್ಕಿಂತ ಭಿನ್ನವಲ್ಲ. ನಗರ ಬೆಳೆದು ಹೊಸಕೆರೆಹಳ್ಳಿಯಂತಹ ಹಳ್ಳಿಗಳನ್ನು ನುಂಗಿದಾಗ ಹೊರವಲಯದ ಕಂದಾಯ ಭೂಮಿಗಳು ಪರಿವರ್ತನೆಯಾಗದೆಯೇ ನಿವೇಶನಗಳಾದವು. ಅನೇಕರು ಕ್ರಯಪತ್ರದ ಬದಲಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಪಡೆದು ಮನೆ ಕಟ್ಟಿದರು. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಇಂಥ ಪತ್ರಗಳಿಂದ ಮಾಲಕತ್ವ ವರ್ಗಾವಣೆಯಾಗದು ಎಂದು ಸ್ಪಷ್ಟಪಡಿಸಿತು. ಅಧಿಕಾರ ಕೊಟ್ಟವನು ಸತ್ತರೆ ಸಾಮಾನ್ಯವಾಗಿ ಆ ಅಧಿಕಾರವೂ ಅವನೊಂದಿಗೇ ಮುಗಿಯುತ್ತದೆ. ಮತ್ತೆ ಕೆಲವರು 'ಖಾತೆ ನಮ್ಮ ಹೆಸರಿನಲ್ಲಿದೆ' ಎಂದು ಎದೆಯುಬ್ಬಿಸುತ್ತಾರೆ. ಖಾತೆಯು ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ಹೇಳುವ ದಾಖಲೆ. ಅದು ಹಕ್ಕುಪತ್ರವಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ಫಲಕಗಳು ಬದಲಾದ ಮಾತ್ರಕ್ಕೆ ಈ ನಿಯಮ ಬದಲಾಗಿಲ್ಲ.

ಕೈಸಾಲದ ವಿಷಯದಲ್ಲಿಯೂ ಅದೇ ಮೈಮರೆವು. ಬರೆದ ಪತ್ರವಿದ್ದರೂ ಸಾಲ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇದೆ. ದಾಕ್ಷಿಣ್ಯದಿಂದ ನಾಲ್ಕು ವರ್ಷ ಸುಮ್ಮನಿದ್ದವನು ದಾಕ್ಷಿಣ್ಯವನ್ನೂ ಹಣವನ್ನೂ ಕಳೆದುಕೊಳ್ಳುತ್ತಾನೆ. ಚೆಕ್ಕು ಇದೆಯೆಂದು ನೆಮ್ಮದಿಯಿಂದಿರುವವರೂ ಲೆಕ್ಕ ತಿಳಿದಿರಬೇಕು. ಚೆಕ್ಕನ್ನು ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಮರಳಿದ ಮಾಹಿತಿ ಸಿಕ್ಕ 30 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಆನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬೇಕು. ಸೂಕ್ತ ಕಾರಣ ತೋರಿಸದೆ ಈ ಗಡುವು ಮೀರಿದವನಿಗೆ 138ನೇ ಕಲಮು ನೆರವಾಗದು.

ಪೊಲೀಸ್ ಠಾಣೆಯ ಹೆಸರು ಕೇಳಿದರೆ ನಮ್ಮವರ ಕಾಲು ನಡುಗುತ್ತದೆ. ಆ ನಡುಕಕ್ಕೆ ಕಾರಣಗಳಿವೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಾಯಿಮಾತಿನ ದೂರು ಕೊಟ್ಟು, 'ನಾಳೆ ಬಾ' ಎನಿಸಿಕೊಂಡು, ಪುಢಾರಿಯೊಬ್ಬನ ಮನೆಗೆ ಓಡುವುದು ಪರಿಹಾರವಲ್ಲ. 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಮಾಹಿತಿ ಸ್ವೀಕರಿಸಬೇಕು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮೂರರಿಂದ ಏಳು ವರ್ಷಗಳೊಳಗಿನ ಶಿಕ್ಷೆಯ ಅಪರಾಧಗಳಲ್ಲಿ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅದು ಅವಕಾಶ ಕೊಟ್ಟಿರುವುದೂ ನಿಜ. ಠಾಣೆಯವರು ನಿರಾಕರಿಸಿದರೆ ಮೇಲಧಿಕಾರಿಗೆ ಅಂಚೆಯ ಮೂಲಕ ದೂರು ಕಳುಹಿಸಬಹುದು. ಅಲ್ಲಿಯೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಬಾಗಿಲಿದೆ. ಇದಕ್ಕೂ ಬೇಕಾದದ್ದು ಬರೆದ ದೂರು, ಅಂಚೆಯ ರಶೀದಿ. ಮತ್ತೆ ಕಾಗದವೇ.

ಇಲ್ಲಿಯವರೆಗಿನದನ್ನು ಅಜ್ಞಾನವೆಂದು ಕ್ಷಮಿಸಬಹುದು. ಮನೆಯೊಳಗಿನ ಪ್ರಶ್ನೆಗಳಿಗೆ ಬಂದಾಗ ಮಾತ್ರ ಅಜ್ಞಾನವೆಂಬ ನೆಪವೂ ಉಳಿಯುವುದಿಲ್ಲ.

ನಿಕಾಹ್‌ನ ಸಭೆಯಲ್ಲಿ ಮಹ್ರ್‌ನ ಮೊತ್ತವನ್ನು ಗಟ್ಟಿಯಾಗಿ ಓದಲಾಗುತ್ತದೆ. ಬಹಳಷ್ಟು ಕಡೆ ಅದು ಅಲ್ಲಿಗೇ ಮುಗಿಯುತ್ತದೆ. ಮಹ್ರ್ ಹೆಂಡತಿಗೆ ಸಲ್ಲಬೇಕಾದ ಋಣ. ಗಂಡ ತೀರಿಕೊಂಡರೂ ವಾರಸುದಾರರು ಹಂಚಿಕೊಳ್ಳುವ ಮೊದಲು ಅವನ ಆಸ್ತಿಯಿಂದ ಆ ಋಣ ತೀರಬೇಕು. ಎಷ್ಟು ಜನಾಝಾಗಳ ನಂತರ ಯಾವ ಮಗನಾದರೂ ತಾಯಿಯನ್ನು ಕೇಳಿದ್ದಾನೆ, 'ಅಪ್ಪ ನಿಮ್ಮ ಮಹ್ರ್ ಕೊಟ್ಟಿದ್ದರೇ?' ಎಂದು? ಇತ್ತ, 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ಮಹ್ರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟು ಗೌರವಿಸಿತು. ನಾವೋ ಮಹ್ರನ್ನು ಕಾಗದದ ಮೇಲಿನ ಸಂಖ್ಯೆಯಾಗಿಸಿ ವರದಕ್ಷಿಣೆಯನ್ನು ನಗದಾಗಿ ಎಣಿಸಿಕೊಂಡೆವು. ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಬೇಕೆಂದು 1985ರಲ್ಲಿಯೇ ನಿಯಮವಾಗಿದೆ. ಆ ಪಟ್ಟಿ ಬರೆದ ಒಂದು ಮನೆಯನ್ನಾದರೂ ಓದುಗರು ಬಲ್ಲರೇ? ಮದುವೆ ಮುರಿದ ಮೇಲೆ 'ಮಗಳ ಒಡವೆ ಕೊಡಿಸಿ' ಎಂದು ತಂದೆ ಅಳುವಾಗ ವಕೀಲರು ಆ ಪಟ್ಟಿಯನ್ನೇ ಕೇಳುತ್ತಾರೆ.

ಮೂರು ಬಾರಿ ಹೇಳಿ ಹೋದವನ ಹೆಂಡತಿಯ ಪ್ರಶ್ನೆಗೆ ಕಾನೂನು ಉತ್ತರಿಸಿದೆ. 2017ರ ಆಗಸ್ಟ್ 22ರ ಶಾಯರಾ ಬಾನು ತೀರ್ಪು ಮತ್ತು 2019ರ ಕಾಯ್ದೆಯ ನಂತರ ಅಂಥ ಉಚ್ಚಾರಣೆ ಅಸಿಂಧು. ಆಕೆ ಈಗಲೂ ಹೆಂಡತಿಯೇ. ಉಚ್ಚರಿಸಿದವನಿಗೆ ಮೂರು ವರ್ಷಗಳವರೆಗೆ ಜೈಲು ಶಿಕ್ಷೆಯೂ ಆಗಬಹುದು. ನಾಗರಿಕ ಕರಾರೊಂದರ ತಪ್ಪಿಗೆ ಜೈಲೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಗಂಡ ಜೈಲಿನಲ್ಲಿದ್ದರೆ ಮಕ್ಕಳಿಗೆ ಅನ್ನವೆಲ್ಲಿಂದ ಎಂಬುದಕ್ಕೆ ಸರಕಾರದ ಬಳಿ ಉತ್ತರವಿಲ್ಲ. ಆದರೆ ಆ ಕಾಯ್ದೆಗೆ ನೆಪ ಒದಗಿಸಿದವರು ಯಾರು? ಒಂದೇ ಉಸಿರಿನ ತಲಾಖ್ ಬಿದ್‌ಅತ್ ಎಂದು ಒಪ್ಪುತ್ತಲೇ ಅದನ್ನು ತಡೆಯಲು ಒಂದು ಹೆಜ್ಜೆಯನ್ನೂ ಇಡದೆ ದಶಕಗಳನ್ನು ಕಳೆದ ನಮ್ಮ ನಾಯಕತ್ವವಲ್ಲವೇ?

ಜೀವನಾಂಶದ ವಿಷಯವೂ ಹಾಗೆಯೇ. 2001ರ ದಾನಿಯಾಲ್ ಲತೀಫಿ ತೀರ್ಪು, ವಿಚ್ಛೇದಿತೆಯ ಮುಂದಿನ ಬದುಕಿಗೆ ನ್ಯಾಯೋಚಿತ ವ್ಯವಸ್ಥೆಯನ್ನು ಇದ್ದತ್‌ನ ಅವಧಿಯೊಳಗೆ ಗಂಡ ಮಾಡಬೇಕೆಂದಿತು. 2024ರ ಜುಲೈ 10ರಂದು ಮುಹಮ್ಮದ್ ಅಬ್ದುಲ್ ಸಮದ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಬಾಗಿಲೂ ಆಕೆಗೆ ತೆರೆದಿದೆ ಎಂದಿತು. ಈಗ ಅದು ಹೊಸ ಸಂಹಿತೆಯ 144ನೇ ಕಲಮು. ತೀರ್ಪು ಬಂದಾಗ ಹೇಳಿಕೆಗಳ ಮಹಾಪೂರ ಹರಿಯಿತು. ವಿಚ್ಛೇದಿತೆಯರಿಗೆ ಸೌಜನ್ಯದ ಜೀವನ ಸೌಲಭ್ಯ ಕೊಡಬೇಕೆಂಬ ಕುರ್‌ಆನಿನ ಆದೇಶವನ್ನು ಪಾಲಿಸುವ ಗಂಡಂದಿರನ್ನು ಮೊಹಲ್ಲಾಗಳಲ್ಲಿ ಸಿದ್ಧಪಡಿಸಿದ್ದರೆ ಆ ಹೇಳಿಕೆಗಳಿಗೆ ಬೆಲೆಯಿರುತ್ತಿತ್ತು.

ಇನ್ನು ಎಲ್ಲಕ್ಕಿಂತ ಹೆಚ್ಚು ನೋವಿನ ಪ್ರಶ್ನೆ: 'ನನಗೆ ಪಾಲಿದೆಯೇ?' ಇದನ್ನು ಕೇಳುವವಳು ಸಹೋದರಿ. ಆಕೆ ಬುರ್ಖಾದೊಳಗಿನಿಂದ ಮೆಲ್ಲನೆ ಕೇಳುತ್ತಾಳೆ, ತಪ್ಪು ಮಾಡಿದವಳಂತೆ. 'ಅಣ್ಣಂದಿರ ಮೇಲೆ ಕೇಸು ಬೇಡ, ಇದೆಯೋ ಇಲ್ಲವೋ ತಿಳಿದರೆ ಸಾಕು' ಎನ್ನುತ್ತಾಳೆ. ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ, ಬಿಟ್ಟುಹೋದದ್ದು ಕಡಿಮೆಯಿರಲಿ ಹೆಚ್ಚಿರಲಿ, ಸ್ತ್ರೀಯ ಪಾಲು ನಿಶ್ಚಿತವೆಂದು ಸಾರಿದೆ. 1937ರ ಶರೀಅತ್ ಅನ್ವಯ ಕಾಯ್ದೆಯ ಪ್ರಕಾರ ನಮ್ಮ ಉತ್ತರಾಧಿಕಾರಕ್ಕೆ ಆ ನಿಯಮವೇ ಅನ್ವಯ. ತಂದೆಯ ಕೊನೆಯುಸಿರಿನ ಕ್ಷಣದಲ್ಲಿಯೇ ಮಗಳ ಪಾಲು ಆಕೆಗೆ ಸೇರಿಬಿಡುತ್ತದೆ. ಅಣ್ಣ ಕೊಡುವುದೂ ಅಲ್ಲ, ತಮ್ಮ ಬಿಡುವುದೂ ಅಲ್ಲ. ಮದುವೆಗೆ ಖರ್ಚು ಮಾಡಿದ್ದು ಪಾಲಿಗೆ ಬದಲಿಯಲ್ಲ. ಖಾತೆ ಅಣ್ಣನ ಹೆಸರಿಗಾದದ್ದರಿಂದ ತಂಗಿಯ ಹಕ್ಕು ಕರಗುವುದಿಲ್ಲ.

ಆದರೂ ಅದನ್ನು ಕರಗಿಸಲು ಎಷ್ಟೆಲ್ಲ ಉಪಾಯಗಳು! ನಲವತ್ತನೆಯ ದಿನದ ಊಟದ ನಡುವೆ 'ಇಲ್ಲಿ ಒಂದು ಸಹಿ' ಎಂದು ಹಕ್ಕುಬಿಡುಗಡೆ ಪತ್ರ ಮುಂದೊಡ್ಡುತ್ತಾರೆ. ಅಥವಾ 'ಅಪ್ಪ ಬದುಕಿರುವಾಗಲೇ ಬಾಯಿಮಾತಿನಲ್ಲಿ ಹಿಬಾ ಮಾಡಿದ್ದರು' ಎಂಬ ಕಥೆ ಕಟ್ಟುತ್ತಾರೆ. ಮುಸ್ಲಿಮರ ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ. 2011ರ ಹಫೀಝಾ ಬೀಬಿ ತೀರ್ಪು ಅದನ್ನು ದೃಢಪಡಿಸಿದೆ. ಆದರೆ ದಾನದ ಘೋಷಣೆ, ಸ್ವೀಕಾರ, ಸ್ವಾಧೀನದ ಹಸ್ತಾಂತರ ಈ ಮೂರೂ ಸಾಬೀತಾಗಬೇಕು. 2024ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಮನ್ಸೂರ್ ಸಾಹೇಬ್ ವಿರುದ್ಧ ಸಲೀಮಾ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ತಂದೆಯ ಜೀವಿತಾವಧಿಯಲ್ಲಿ ವಿಭಾಗ ಎಂಬ ಕಲ್ಪನೆಯೇ ಮುಸ್ಲಿಮ್ ಕಾನೂನಿನಲ್ಲಿಲ್ಲ, ಅದನ್ನು ದಾನವೆಂದು ಕರೆಯಬೇಕಾದರೆ ದಾನದ ಷರತ್ತುಗಳು ಪೂರೈಸಿರಬೇಕು ಎಂದಿತು. ಕೋರ್ಟಿನ ಮಾತು ಹಾಗಿರಲಿ. ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟ ಅನುಚರರಿಗೆ ಪ್ರವಾದಿ(ಸ) ಸಾಕ್ಷಿಯಾಗಲು ನಿರಾಕರಿಸಿದ ಘಟನೆಯನ್ನು ನಾವೆಲ್ಲ ಮದ್ರಸಗಳಲ್ಲಿ ಓದಿದ್ದೇವೆ. ಪ್ರವಾದಿಯವರು ನಿರಾಕರಿಸಿದ ಸಾಕ್ಷ್ಯಕ್ಕೆ ಜಮಾಅತಿನ ಹಿರಿಯರು ಸಹಿ ಹಾಕುವುದು ಯಾವ ಧೈರ್ಯದಿಂದ?

'ಶರೀಅತ್ ಅಪಾಯದಲ್ಲಿದೆ' ಎಂಬ ಫಲಕ ಹಿಡಿದು ಮೆರವಣಿಗೆ ಹೊರಡುವಾಗ ಮುಂಚೂಣಿಯಲ್ಲಿರುವವರು ಒಮ್ಮೆ ತಮ್ಮ ಮನೆಯ ಕಬ್ಬಿಣದ ಪೆಟ್ಟಿಗೆ ತೆರೆದು ನೋಡಲಿ. ಸಹೋದರಿಯ ಪಾಲು ಅದರಲ್ಲಿಯೇ ಇದ್ದರೆ ಶರೀಅತ್‌ಗೆ ಅಪಾಯ ದಿಲ್ಲಿಯಿಂದ ಮಾತ್ರ ಬರುತ್ತಿಲ್ಲ ಎಂದು ತಿಳಿಯಬೇಕು. ಏಕರೂಪ ನಾಗರಿಕ ಸಂಹಿತೆಯನ್ನು ನಾವು ವಿರೋಧಿಸುತ್ತೇವೆ. ಆದರೆ ಆ ವಿರೋಧಕ್ಕೆ ನೈತಿಕ ಬಲ ಬರುವುದು ನಮ್ಮ ಸಂಹಿತೆಯನ್ನು ನಾವು ಮೊದಲು ಪಾಲಿಸಿದಾಗ ಮಾತ್ರ.

ವಯಸ್ಸಾದ ತಂದೆತಾಯಿಯರೂ ಆ ಬೆಂಚಿನ ಮೇಲೆ ಕೂರುತ್ತಾರೆ. ಮನೆಯನ್ನು ಮಗನಿಗೆ ಬರೆದುಕೊಟ್ಟು ಮೂಲೆಗುಂಪಾದವರು ಅವರು. 2007ರ ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಮು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ರದ್ದುಪಡಿಸಲು ಅವಕಾಶ ಕೊಟ್ಟಿದೆ. ಆದರೆ ಷರತ್ತನ್ನು ಪತ್ರದಲ್ಲಿ ಬರೆಸಿದವರೆಷ್ಟು? 'ಸ್ವಂತ ಮಗನ ಮುಂದೆ ಷರತ್ತೇ?' ಎಂದು ಅಂದು ನಾಚಿದವರು ಇಂದು ನ್ಯಾಯಮಂಡಳಿಯ ಮುಂದೆ ಅದೇ ಮಗನ ಹೆಸರು ಹೇಳಲು ನಾಚುತ್ತಿದ್ದಾರೆ.

ನಮ್ಮ ಮಾತಿಗೆ ಆಕ್ಷೇಪಗಳು ಬರುತ್ತವೆಂದು ಬಲ್ಲೆವು. 'ಬರೆಸುವುದೆಂದರೆ ಅಪನಂಬಿಕೆ' ಎನ್ನುವವರಿದ್ದಾರೆ. ಬರೆದಿಡಿ ಎಂದು ಆದೇಶಿಸಿದ ಅಲ್ಲಾಹನಿಗಿಂತ ಹೆಚ್ಚು ನಾವು ಮನುಷ್ಯರ ಮನಸ್ಸನ್ನು ಬಲ್ಲೆವೇ? ಬರವಣಿಗೆ ಇರುವುದು ಮರೆವಿಗೆ, ಮರಣಕ್ಕೆ, ಮಕ್ಕಳ ಕಾಲಕ್ಕೆ. 'ಕೋರ್ಟಿಗೆ ಹೋದರೆ ವರ್ಷಗಟ್ಟಲೆ' ಎನ್ನುವವರಿದ್ದಾರೆ. ನಿಜ. ಆದರೆ ಕಾಗದ ಸರಿಯಿದ್ದರೆ ಎಷ್ಟೋ ಜಗಳಗಳು ಕೋರ್ಟಿನ ಮೆಟ್ಟಿಲನ್ನೇ ಹತ್ತುವುದಿಲ್ಲ. 'ನಮಗೆ ದಾರುಲ್ ಕಝಾ ಸಾಕು' ಎನ್ನುವವರೂ ಇದ್ದಾರೆ. ಅಲ್ಲಿ ಪರಸ್ಪರ ಒಪ್ಪಿ ಬಗೆಹರಿಸಿಕೊಳ್ಳುವುದು ಒಳ್ಳೆಯದೇ. 2014ರ ವಿಶ್ವ ಲೋಚನ ಮದನ್ ತೀರ್ಪು ಅದನ್ನು ನಿಷೇಧಿಸಿಲ್ಲ. ಆದರೆ ಅಲ್ಲಿನ ತೀರ್ಮಾನಕ್ಕೆ ಕಾನೂನಿನ ಬಲವಿಲ್ಲ, ಒಪ್ಪದವನನ್ನು ಬಲವಂತಪಡಿಸಲಾಗದು ಎಂದು ಅದು ಹೇಳಿದೆ. ಪಾಲು ಕೊಡಲೊಪ್ಪದ ಅಣ್ಣನನ್ನು ಕಾಝಿ ಏನು ಮಾಡಬಲ್ಲರು?

ಸರಕಾರವನ್ನೂ ನಾವು ಸುಮ್ಮನೆ ಬಿಡಲಾರೆವು. ಕ್ರಯಪತ್ರದ ಕನ್ನಡವನ್ನು ಪದವೀಧರನೂ ಎರಡು ಬಾರಿ ಓದಬೇಕು. ಬ್ಯಾಂಕಿನ ನೋಟೀಸು ಇಂಗ್ಲಿಷಿನಲ್ಲಿ ಬರುತ್ತದೆ. ಅರ್ಥವಾಗದ ಭಾಷೆಯಲ್ಲಿ ಬರೆದು, ತಿಳಿಯಲಿಲ್ಲವೆಂದವನಿಗೆ 'ಕಾನೂನಿನ ಅಜ್ಞಾನ ಕ್ಷಮಾರ್ಹವಲ್ಲ' ಎನ್ನುವುದು ಯಾವ ನ್ಯಾಯ? ಬಡವನಿಗೆ ಉಚಿತ ಕಾನೂನು ನೆರವು ಕೊಡಬೇಕೆಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರು ಮತ್ತು ಮಕ್ಕಳಿಗೆ ಆದಾಯವೆಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು. ಬಂಧನದಲ್ಲಿರುವವರೂ ಪರಿಶಿಷ್ಟರೂ ಅಂಗವಿಕಲರೂ ಆ ಪಟ್ಟಿಯಲ್ಲಿದ್ದಾರೆ. ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಗಿರಿನಗರದಿಂದ ಅದು ದೂರವೇನಲ್ಲ. 15100 ಎಂಬ ದೂರವಾಣಿಯೂ ಇದೆ. ಆದರೆ ಆ ಬೆಂಚಿನ ಮೇಲೆ ಕುಳಿತ ಹೆಂಗಸರನ್ನು ನಾವು ಕೇಳಿದಾಗ ಒಬ್ಬರಿಗೂ ಆ ಸಂಖ್ಯೆ ಗೊತ್ತಿರಲಿಲ್ಲ. ಯೋಜನೆಗಳ ಜಾಹೀರಾತಿನಲ್ಲಿ ಮಂತ್ರಿಗಳ ಮುಖ ಅಷ್ಟು ದೊಡ್ಡದಾಗಿ ಅಚ್ಚಾಗುತ್ತದೆ. ಈ ಐದು ಅಂಕೆಗಳಿಗೆ ಅಲ್ಲಿ ಜಾಗವಿಲ್ಲವೇ?

ಹಾಗಾದರೆ ಮಾಡಬೇಕಾದದ್ದೇನು? ಪ್ರತಿ ಮಸೀದಿಯ ಸಮಿತಿ ತಿಂಗಳಿಗೊಂದು ಸಂಜೆ ಒಬ್ಬ ವಕೀಲರನ್ನು ಕೂರಿಸಲಿ. ಹೆಂಗಸರಿಗೆ ಪ್ರತ್ಯೇಕ ಸಮಯವಿರಲಿ, ನೆರೆಯ ಹಿಂದೂ ಕ್ರೈಸ್ತ ಕುಟುಂಬಗಳಿಗೂ ಬಾಗಿಲು ತೆರೆದಿರಲಿ. ಅವರ ಪ್ರಶ್ನೆಗಳೂ ಇವೇ. ನಿಕಾಹ್‌ನಾಮೆಯಲ್ಲಿ ಮಹ್ರ್ ಎಷ್ಟು, ಸಂದದ್ದೆಷ್ಟು, ಬಾಕಿಯೆಷ್ಟು ಎಂದು ಬರೆಯದೆ ಖಾಝಿಯವರು ಖುತ್ಬಾ ಆರಂಭಿಸದಿರಲಿ. ಜಮಾಅತಿನ ದಾಖಲೆಯಷ್ಟಕ್ಕೇ ನಿಲ್ಲದೆ ಸರಕಾರಿ ನೋಂದಣಿಯೂ ಆಗಲಿ. ವಿವಾಹ ನೋಂದಣಿಗೆ ನಮ್ಮ ರಾಜ್ಯದಲ್ಲಿ 1976ರ ಕಾಯ್ದೆಯೇ ಇದೆ. ಮನೆಯ ಯಜಮಾನ ತೀರಿಕೊಂಡಾಗ ಝಿಯಾರತಿನ ಅಡುಗೆಯ ಲೆಕ್ಕಕ್ಕಿಂತ ಮೊದಲು ಸಾಲ, ಮಹ್ರ್, ವಸಿಯ್ಯತ್, ವಾರಸುದಾರರ ಪಾಲು ಈ ನಾಲ್ಕರ ಲೆಕ್ಕವನ್ನು ಇಮಾಮರು ಬರೆಸಲಿ. ನಮ್ಮ ಮದ್ರಸಗಳು ಮೀರಾಸ್‌ನ ಗಣಿತವನ್ನು ಕಲಿಸುತ್ತವೆ. ಆ ವಿದ್ಯೆ ಪರೀಕ್ಷೆಯ ಹಾಳೆಯಿಂದ ಇಳಿದು ಮನೆಯ ಜಗಲಿಗೆ ಬರಲಿ.

ನಾವು ಹೊರಡುವ ಹೊತ್ತಿಗೆ ಆ ಸಂಜೆ ಕೊನೆಯವಳಾಗಿ ಒಬ್ಬ ತಾಯಿ ಕುಳಿತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ವಿದ್ಯುತ್ ಬಿಲ್ಲುಗಳು, ಹಳೆಯ ಪಡಿತರ ಚೀಟಿ, ಗಂಡನ ಮರಣಪತ್ರ. ತನ್ನ ಹಕ್ಕಿಗೆ ಸಾಕ್ಷಿಯಾದೀತೆಂದು ಮನೆಯಲ್ಲಿ ಸಿಕ್ಕಿದ ಎಲ್ಲ ಕಾಗದಗಳನ್ನೂ ಆಕೆ ತಂದಿದ್ದಳು. ಬೇಕಾಗಿದ್ದ ಒಂದು ಕಾಗದ ಮಾತ್ರ ಅದರಲ್ಲಿರಲಿಲ್ಲ. ಅದನ್ನು ಬರೆಯಬೇಕಾದವರು ಬರೆದಿರಲಿಲ್ಲ. ಬರೆಸಬೇಕಾದವರು ಬರೆಸಿರಲಿಲ್ಲ. ಆ ಬರೆಯಬೇಕಾದವರಲ್ಲಿ, ಬರೆಸಬೇಕಾದವರಲ್ಲಿ ನಾವೂ ಇದ್ದೇವೆ, ಓದುಗರಾದ ನೀವೂ ಇದ್ದೀರಿ. ಆಕೆಯ ಚೀಲದಲ್ಲಿ ಇಲ್ಲದ ಕಾಗದದ ಲೆಕ್ಕವನ್ನು ನಾಳೆ ಅಲ್ಲಾಹನ ಮುಂದೆ ಕೊಡಬೇಕಾದವರು ಆಕೆಯಲ್ಲ, ನಾವು.